ಮನೆಯೇ ಪರೀಕ್ಷಾ ಕೇಂದ್ರ!

"ಈ ಜೂನ್ ಒಳಗೆ ಆನು ಡಿಗ್ರಿ ಮುಗಿಸ್ದೇ ಇದ್ರೆ ನನ್ನ ಹೆಸ್ರು ಪರಿಮಳಾ ಅಲ್ಲ!"

ದೋಸೆ ಸಟ್ಟುಗವನ್ನು ಆಕಾಶಕ್ಕೆತ್ತಿ ಪರಿಮಳಾ ಈ ಘೋರ ಪ್ರತಿಜ್ಞೆ ಮಾಡಿದಾಗ ಕೇಳಿಸಿಕೊಂಡವರು ಇಬ್ಬರು. ಶಿರಸಿ ಪೇಟೆಯಲ್ಲಿ ಕನ್ನಡಕದ ಅಂಗಡಿ ಇಟ್ಟಿರುವ ಗಂಡ ರಘುಪತಿ, ಏಳನೇ ಕ್ಲಾಸಿನ ಮಗಳು ಸಮೃದ್ಧಿ. ಇಬ್ಬರೂ ದೋಸೆ ಮುರಿಯುವುದನ್ನು ನಿಲ್ಲಿಸಲಿಲ್ಲ. ಭೀಷ್ಮ ಪ್ರತಿಜ್ಞೆ ಮಾಡಿದಾಗ ಹೂಮಳೆ ಸುರಿಯಿತಂತೆ. ಪರಿಮಳಾಳಿಗೆ ಸಿಕ್ಕಿದ್ದು "ಆಯಿ, ಚಟ್ನಿ" ಎಂಬ ಉದ್ಗಾರ ಮಾತ್ರ.

ಪ್ರತಿಜ್ಞೆಯ ಹಿಂದೆ ಒಂದು ಕುರ್ಚಿ ಇತ್ತು. ಪರಿಮಳಾ ಹೈಸ್ಕೂಲೊಂದರ ಆಫೀಸಿನಲ್ಲಿ ಹಂಗಾಮಿ ಗುಮಾಸ್ತೆ. ಅಲ್ಲಿಯ ಸೂಪರಿಂಟೆಂಡೆಂಟರು ಜೂನ್‌ನಲ್ಲಿ ನಿವೃತ್ತರಾಗುವವರಿದ್ದರು. ಅವರ ಕುರ್ಚಿಗೆ ಚಕ್ರಗಳಿದ್ದವು! ಕೂತಲ್ಲಿಂದಲೇ ಕಪಾಟಿನವರೆಗೆ ಉರುಳಿ ಹೋಗಿ ಫೈಲು ತೆಗೆದುಕೊಂಡು ಉರುಳಿ ಬರಬಹುದಾದ ವೈಭವ! "ನಿಮಗಿಂತ ಚೆನ್ನಾಗಿ ಆಫೀಸು ಬಲ್ಲವರು ಯಾರಿದ್ದಾರೆ? ಆದರೆ ಡಿಗ್ರಿ ಸರ್ಟಿಫಿಕೇಟ್ ಬೇಕೇ ಬೇಕು" ಎಂದಿದ್ದರು ಹೆಡ್‌ಮಾಸ್ತರರು. ಪರಿಮಳಾಳ ಬಿ.ಎ. ಕೊನೆಯ ವರ್ಷದಲ್ಲೇ ನಿಂತುಹೋಗಿತ್ತು. ಮೊದಲು ಮದುವೆ ಬಂತು, ಆಮೇಲೆ ಸಮೃದ್ಧಿ ಬಂದಳು, ಆಮೇಲೆ ಸಮೃದ್ಧಿಗೆ ಹಲ್ಲು ಬಂದವು, ಡಿಗ್ರಿ ಮಾತ್ರ ಬರಲಿಲ್ಲ. ಈಗ ಕಾಲೇಜಿನವರು ಹಳೆಯ ವಿದ್ಯಾರ್ಥಿಗಳನ್ನು ಮತ್ತೆ ಕರೆದಿದ್ದರು. ಪರಿಮಳಾ ಬಾಕಿ ವಿಷಯಗಳನ್ನೆಲ್ಲ ಬರೆದು ಮುಗಿಸಿ ಆಗಿತ್ತು. ಉಳಿದದ್ದು ನಾಲ್ಕು ಕ್ರೆಡಿಟ್ಟಿನ ಒಂದೇ ಒಂದು ಆನ್‌ಲೈನ್ ಕೋರ್ಸು, ಅದೂ ತನಗೆ ಬೇಕಾದದ್ದನ್ನು ಆರಿಸಿಕೊಳ್ಳುವುದು.

ಆರಿಸುವುದೆಂದರೆ ಪರಿಮಳಾಳಿಗೆ ಸೀರೆ ಆರಿಸಿದಂತೆಯೇ. ಸಮೃದ್ಧಿ ಮೊಬೈಲಿನಲ್ಲಿ ಒಂದೊಂದನ್ನೇ ಬಿಚ್ಚಿ ತೋರಿಸಬೇಕು, ಇವಳು ಬೇಡವೆನ್ನಬೇಕು.

"ಸಂಖ್ಯಾಶಾಸ್ತ್ರ."

"ಲೆಕ್ಕ ಬ್ಯಾಡ. ಮುಂದೆ!"

"ಸಮಯ ನಿರ್ವಹಣೆ. ವಾರಕ್ಕೆ ಹತ್ತು ತಾಸು ಓದವಡ."

"ವಾರಕ್ಕೆ ಹತ್ತು ತಾಸು ಪುರಸೊತ್ತು ಇದ್ದವಕ್ಕೆ ಸಮಯ ನಿರ್ವಹಣೆ ಎಂತಕ್ಕೆ? ಮುಂದೆ!"

"ಮಕ್ಕಳ ಮನಶ್ಶಾಸ್ತ್ರ. ಆಯಿ, ಇದು ಮಾತ್ರ ಬ್ಯಾಡ."

"ಎಂತಕ್ಕೆ?"

"ಪ್ರಾಕ್ಟಿಕಲ್ ಇದ್ದಡ."

ಹೀಗೆ ಜ್ಞಾನದ ಅಂಗಡಿಯ ಅರ್ಧ ಮಾಲು ಮಡಚಿ ಬದಿಗಿಟ್ಟ ಮೇಲೆ ಸಮೃದ್ಧಿ ಓದಿದಳು. "ಆತಿಥ್ಯ ನಿರ್ವಹಣೆ. ಪರೀಕ್ಷೆ ಹುಬ್ಬಳ್ಳಿ ಕೇಂದ್ರದಲ್ಲಿ, ಇಲ್ದೇ ಹೋದ್ರೆ ಮನೆಯಲ್ಲೇ ಕ್ಯಾಮೆರಾ ಮುಂದೆ."

ಪರಿಮಳಾ ನೆಟ್ಟಗೆ ಕೂತಳು. "ಆತಿಥ್ಯನ? ಅದನ್ನ ನಂಗೆ ಕಲಿಸ್ತ್ವಡ? ಮೀನಿಗೆ ಈಜು ಕಲ್ಸಲೆ ಬಂದ! ಹಾಕು ಅದನ್ನೇ. ಪರೀಕ್ಷೆ ಮನೆಯಲ್ಲೇ ಹೇಳಿ ಒತ್ತು."

ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ. ನಮ್ಮ ಕಡೆ ಮನೆಗೆ ಬಂದವರನ್ನು ಮೊದಲು ಕೇಳುವುದು ಕ್ಷೇಮ ಸಮಾಚಾರವನ್ನಲ್ಲ, ಆಸರಿಗೆ ಏನು ಬೇಕೆಂದು. ನೀರು ಬೆಲ್ಲವೋ, ಮಜ್ಜಿಗೆಯೋ, ಕಷಾಯವೋ, ಚಹಾವೋ, ಏನಾದರೊಂದು ಕುಡಿಯಲು ಬೇಕೇ ಬೇಕು. ಅದರಲ್ಲಿ ಪರಿಮಳಾಳದ್ದು ಎತ್ತಿದ ಕೈ. ಮೀಟರ್ ಓದಲು ಬಂದವನೂ ಅವಳ ಮನೆಯಿಂದ ಹೊಟ್ಟೆಯಲ್ಲಿ ಗುಳುಗುಳು ಸದ್ದು ಮಾಡಿಕೊಂಡೇ ಹೋಗುತ್ತಿದ್ದ.

ರಘುಪತಿ ಮೆಲ್ಲಗೆ ಹೇಳಿದ. "ಹುಬ್ಬಳ್ಳಿ ಹೇಳೇ ಹಾಕು ಮಾರಾಯ್ತಿ. ನಮ್ಮನೆ ಬಾಗ್ಲು ಪರೀಕ್ಷೆಗೆಲ್ಲ ಬಗ್ಗದಲ್ಲ."

"ಹುಬ್ಬಳ್ಳಿಗೆ ಹೋಪಲೆ ಒಂದು ದಿನ ದಂಡ, ಬಂದ ಮೇಲೆ ಇನ್ನೊಂದು ದಿನ ತಲೆನೋವು. ನಿಂಗ ಕನ್ನಡಕ ಮಾರಿ, ದೂರದ್ದು ಆನು ನೋಡ್ಕತ್ತೆ!"

ರಘುಪತಿ ಸುಮ್ಮನಾದ. ಮದುವೆಯಾದಾಗಿನಿಂದ ಅವನು ಪೂರ್ತಿ ಅಂಕ ಪಡೆದಿರುವ ವಿಷಯ ಅದೊಂದೇ.

ಪಾಠ ಶುರುವಾಯಿತು. ಬೆಳಿಗ್ಗೆ ಒಗ್ಗರಣೆ ಹಾಕುತ್ತ, ಸಂಜೆ ಸಮೃದ್ಧಿಯ ಜಡೆ ಹೆಣೆಯುತ್ತ ಪರಿಮಳಾ ವಿಡಿಯೋ ನೋಡಿದಳು. ಕೋಟು ತೊಟ್ಟ ಎಳೆ ಹುಡುಗನೊಬ್ಬ ಆತಿಥ್ಯದ ತತ್ವ ಬೋಧಿಸುತ್ತಿದ್ದ. ಮೊದಲ ವಾರದ ಕಿರುಪರೀಕ್ಷೆಯಲ್ಲೇ ಗ್ರಹಚಾರ ಕೆಟ್ಟಿತು. ಅತಿಥಿ ಊಟ ಸಾಕು ಎಂದರೆ ಏನು ಮಾಡಬೇಕು ಎಂಬ ಪ್ರಶ್ನೆಗೆ ಪರಿಮಳಾ "ಇನ್ನೊಮ್ಮೆ ಬಡಿಸಬೇಕು" ಎಂದು ಒತ್ತಿದಳು. ತಪ್ಪು! ಅತಿಥಿ ಹೊರಡುತ್ತೇನೆ ಎಂದರೆ? "ಇರಲು ಒತ್ತಾಯಿಸಬೇಕು." ತಪ್ಪು! ಬಿಲ್ಲು ತರಬೇಕಂತೆ!

"ಥೋ! ಇವನ ಮನೆಗೆ ಯಾರಾದ್ರೂ ಉಂಬಲೆ ಹೋಗ್ತ್ವನ?" ಎಂದು ಅವಳು ಕೋಟಿನ ಹುಡುಗನ ಮೇಲೆ ಹರಿಹಾಯ್ದಳು.

ಆದರೆ ಪರಿಮಳಾ ದಡ್ಡಿಯಲ್ಲ. ಎರಡೇ ವಾರದಲ್ಲಿ ಕೋರ್ಸಿನ ಗುಟ್ಟು ಹಿಡಿದಳು. ಮನಸ್ಸು ಯಾವುದನ್ನು ಸರಿ ಎನ್ನುತ್ತದೋ ಅದರ ಉಲ್ಟಾ ಒತ್ತಿದರೆ ಆಯಿತು! ಅಲ್ಲಿಂದ ಮುಂದೆ ಎಲ್ಲ ಕಿರುಪರೀಕ್ಷೆಗಳಲ್ಲೂ ಪೂರ್ತಿ ಅಂಕ. ಶಾಲೆಯ ಆಫೀಸಿನಲ್ಲಿ ಅವಳು ಆಗಲೇ ಚಕ್ರದ ಕುರ್ಚಿಯ ಧೂಳು ಒರೆಸತೊಡಗಿದಳು, ಸೂಪರಿಂಟೆಂಡೆಂಟರು ಅದರ ಮೇಲೆ ಕೂತಿರುವಾಗಲೇ.

ಪರೀಕ್ಷೆ ಒಂದು ಭಾನುವಾರ, ಹನ್ನೊಂದರಿಂದ ಹನ್ನೆರಡರವರೆಗೆ. ನಿಯಮಗಳನ್ನು ಓದಿದರೆ ಜೈಲು ವಾಸಿ. ಕೋಣೆಯಲ್ಲಿ ಬೇರೆ ಯಾರೂ ಇರಬಾರದು, ಕ್ಯಾಮೆರಾದಿಂದ ಮುಖ ತಿರುಗಿಸಬಾರದು, ಏಳಬಾರದು, ಮಾತಾಡಬಾರದು. ಎರಡು ಸಲ ಎಚ್ಚರಿಕೆ, ಮೂರನೆಯದಕ್ಕೆ ಪರೀಕ್ಷೆ ರದ್ದು. ಪರಿಮಳಾ ದಂಡನಾಯಕಿಯಂತೆ ವ್ಯೂಹ ರಚಿಸಿದಳು. ಬಾಗಿಲ ಗಂಟೆಯ ತಂತಿ ಕಿತ್ತಾಯಿತು. ಮಿಕ್ಸರಿಗೆ ರಜೆ. ಸಮೃದ್ಧಿಗೆ ಅಡುಗೆಮನೆಯಲ್ಲಿ ಸ್ಥಾನಬದ್ಧತೆ. ರಘುಪತಿ ಜಗಲಿಯ ಕಾವಲಿಗೆ.

"ಯಾರೇ ಬಂದ್ರೂ ಬಾಯಿ ಬಿಡಡಿ. ತುಟಿ ಮೇಲೆ ಬೆರಳು ಇಟ್ಕಳಿ, ಅಷ್ಟೇಯ. ಪಾತ್ರೆ ಸದ್ದು, ಲೋಟದ ಸದ್ದು ಎಂತೂ ಕೇಳಲಾಗ!"

ರಘುಪತಿ ಆ ಕ್ಷಣದಿಂದಲೇ ತುಟಿಯ ಮೇಲೆ ಬೆರಳಿಟ್ಟ.

ಹನ್ನೊಂದಕ್ಕೆ ಸರಿಯಾಗಿ ಪರದೆಯ ಮೂಲೆಯಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡ ಹುಡುಗಿಯೊಬ್ಬಳು ಕಾಣಿಸಿಕೊಂಡಳು. ಎಲ್ಲೋ ಕೂತು ಕಾಯುವ ಮೇಲ್ವಿಚಾರಕಿ. ಮಾತು ಕೇಳಿದರೆ ಹಾವೇರಿ ಕಡೆಯವಳು. "ಮೇಡಂ, ರೂಮ್ ಒಮ್ಮೆ ತೋರಸ್ರಿ. ಹೂಂ, ಶುರು ಮಾಡ್ರಿ. ಆಕಡೆ ಈಕಡೆ ನೋಡಬ್ಯಾಡ್ರಿ ಮತ್ತ."

ಪರಿಮಳಾ ಉಲ್ಟಾ ಸೂತ್ರ ಹಿಡಿದು ಗಾಳಿಯಂತೆ ಓಡಿದಳು. ಅರ್ಧ ಪ್ರಶ್ನೆಗಳು ಮುಗಿದಿರಬೇಕು, ಹೊರಗೆ ಚಪ್ಪಲಿ ಬಿಟ್ಟ ಸದ್ದಾಯಿತು. ಆಮೇಲೆ ಒಂದು ಕೆಮ್ಮು. ಆ ಕೆಮ್ಮು ಉಮ್ಮಚಗಿಯ ವಿಶ್ವೇಶ್ವರ ಭಾವನದು!

ವಿಶ್ವೇಶ್ವರ ಭಾವ ಎಂದರೆ ರಘುಪತಿಯ ಅಕ್ಕನ ಗಂಡ. ಹಿಂದೊಮ್ಮೆ ನಂದೊಳ್ಳಿಯ ಯಾರದೋ ಮನೆಯಲ್ಲಿ ಅವರಿಗೆ ಆಸರಿಗೆ ಕೇಳಲು ಮರೆತಿದ್ದರು. ಆ ಅಪರಾಧವನ್ನು ಭಾವ ಇಂದಿಗೂ ಪ್ರತಿ ಮದುವೆಯಲ್ಲೂ ಪಾಯಸಕ್ಕೂ ಮಜ್ಜಿಗೆಗೂ ನಡುವೆ ಪಂಕ್ತಿಗೆಲ್ಲ ಕೇಳುವಂತೆ ವರ್ಣಿಸುತ್ತಾರೆ. ಆ ಮನೆಯವರು ಮದುವೆಗಳಿಗೆ ಹೋಗುವುದನ್ನೇ ಬಿಟ್ಟಿದ್ದಾರೆ.

ಪರಿಮಳಾ ಕಿವಿ ನಿಮಿರಿಸಿ ಲೋಟದ ಸದ್ದಿಗೆ ಕಾದಳು. ಇಲ್ಲ. ಚಮಚದ ಸದ್ದು? ಅದೂ ಇಲ್ಲ. ಅವಳಿಗೇ ಗೊತ್ತಿಲ್ಲದೆ ಕುತ್ತಿಗೆ ಬಾಗಿಲ ಕಡೆ ತಿರುಗಿತು.

"ಮೇಡಂ, ಒಂದನೇ ವಾರ್ನಿಂಗ್ ಆತ್ರಿ."

ಜಗಲಿಯಲ್ಲಿ ನಡೆದದ್ದು ಆಮೇಲೆ ತಿಳಿದ ಸಂಗತಿ. ಭಾವ "ಎಂತ ಸಮಾಚಾರ?" ಎಂದರೆ ರಘುಪತಿ ತುಟಿಯ ಮೇಲೆ ಬೆರಳಿಟ್ಟ. "ಪರಿಮಳಾ ಎಲ್ಲಿ?" ಎಂದರೆ ಮುಚ್ಚಿದ ಕೋಣೆ ತೋರಿಸಿದ. "ಎಂತಾಯ್ದು ಅದಕ್ಕೆ?" ಎಂದರೆ ಕೈ ಮೇಲೆತ್ತಿ ದೇವರನ್ನು ತೋರಿಸಿದ. ಪಾಸಾಗುವುದು ದೇವರ ಕೈಯಲ್ಲಿದೆ ಎಂಬುದು ಅವನ ಭಾವ. ಭಾವನಿಗೆ ಬೇರೆಯೇ ಅರ್ಥವಾಯಿತು! ಅವರು ಶಲ್ಯದಿಂದ ಕಣ್ಣೊರೆಸಿಕೊಂಡದ್ದನ್ನು ಪಕ್ಕದ ಮನೆಯ ಅಮೀರುನ್ನಿಸಾ ಕಾಂಪೌಂಡಿನಾಚೆಯಿಂದ ಕಂಡು ಓಡಿಬಂದಳು. ಅವಳು ಓಡಿದ್ದನ್ನು ಕಂಡು ಎದುರು ಮನೆಯವರು ಬಂದರು. ಅವರನ್ನು ಕಂಡು ಓಣಿಗೆ ಓಣಿಯೇ ಬಂತು. ರಘುಪತಿ ಪ್ರತಿಯೊಬ್ಬರಿಗೂ ಬೆರಳು ತೋರಿಸಿ ಕೈಮುಗಿದ.

ಒಳಗೆ ಪರಿಮಳಾಳಿಗೆ ಕೇಳುತ್ತಿದ್ದದ್ದು ಚಪ್ಪಲಿಯ ಮೇಲೆ ಚಪ್ಪಲಿ. ಇಷ್ಟೊಂದು ಜನ! ಒಬ್ಬರಿಗೂ ಒಂದು ತೊಟ್ಟು ನೀರಿಲ್ಲ! ಒಂದು ಕಡೆ ಚಕ್ರದ ಕುರ್ಚಿ, ಇನ್ನೊಂದು ಕಡೆ ಮನೆತನದ ಮರ್ಯಾದೆ. ತುಟಿಗಳು ತಾವಾಗಿಯೇ "ಲೋಟ... ಬೆಲ್ಲ..." ಎಂದು ಜಪಿಸಿದವು.

"ತುಟಿ ಅಲ್ಲಾಡಾಕತ್ತಾವ್ರೀ ಮೇಡಂ. ಎರಡನೇ ವಾರ್ನಿಂಗ್. ಇನ್ನೊಂದಾದ್ರ ನನ್ನ ಕೈಯಾಗಿಲ್ರಿ."

ಪರಿಮಳಾ ಹಲ್ಲು ಕಚ್ಚಿ ಪರದೆ ನೋಡಿದಳು. ಆಗ ಬಂದ ಪ್ರಶ್ನೆ ಯಾವುದು ಅಂತೀರಿ? "ನೀವು ಮುಖ್ಯ ಕೆಲಸವೊಂದರಲ್ಲಿ ತೊಡಗಿರುವಾಗ ಅತಿಥಿ ಬಂದರೆ ಮೊದಲು ಏನು ಮಾಡಬೇಕು?"

ಅದೇ ಹೊತ್ತಿಗೆ ಜಗಲಿಯಿಂದ ವಿಶ್ವೇಶ್ವರ ಭಾವನ ಪಿಸುಮಾತು ಕೇಳಿತು. ಭಾವನ ಪಿಸುಮಾತು ಎಂದರೆ ಬೇರೆಯವರ ಕೂಗು. "ಇರ್ಲಿ ರಘುಪತಿ, ನೀರಿನ ಚಿಂತೆ ಬ್ಯಾಡ. ಇಂಥ ಹೊತ್ತಲ್ಲಿ ಆಸ್ರಿಗೆ ಯಾರು ಕೇಳ್ತ?"

ಕಟ್ಟೆ ಒಡೆಯಿತು.

"ಅಲ್ಲಾ, ಬಂದವಕ್ಕೆ ಆಸ್ರಿಗೆ ಕೊಟ್ಟಿದ್ದೇ ಇಲ್ಯಾ? ಕೂಸೇ, ಬೆಲ್ಲ ನೀರು ತಗಂಡು ಬಾರೇ! ಕಷಾಯಕ್ಕೆ ಇಡು!"

ಪರದೆ ಕೆಂಪಾಯಿತು. ಪರೀಕ್ಷೆ ರದ್ದು ಎಂಬ ಅಕ್ಷರಗಳು ಮೂಡಿದವು. ಮೂಲೆಯ ಹುಡುಗಿಯ ಮುಖ ಸಣ್ಣದಾಯಿತು. "ರೂಲ್ಸ್ ಐತ್ರಿ ಮೇಡಂ. ನಾ ಏನೂ ಮಾಡಾಕ ಬರಂಗಿಲ್ರಿ."

ಕಣ್ಣು ತುಂಬಿಕೊಂಡಿದ್ದರೂ ಪರಿಮಳಾಳ ಬಾಯಿ ತನ್ನ ಧರ್ಮ ಬಿಡಲಿಲ್ಲ. "ಇರಲಿ ಬಿಡು ತಂಗಿ, ನಿನ್ನ ತಪ್ಪೇನಿದೆ? ನೀನು ಬೆಳಿಗ್ಗೆಯಿಂದ ಏನಾದರೂ ಕುಡಿದೆಯಾ?"

"ಈ ಕೆಲಸಕ್ಕ ಸೇರಿದಾಗಿಂದ ಯಾರೂ ಕೇಳಿರಲಿಲ್ರಿ" ಎಂದಳು ಹುಡುಗಿ. ಪರದೆ ಆರಿತು.

ಬಾಗಿಲು ತೆಗೆದು ಪರಿಮಳಾ ಜಗಲಿಗೆ ಬಂದರೆ ಜನ ಹೌಹಾರಿ ಎದ್ದು ನಿಂತರು. ಎರಡು ಕಾಲಿನ ಮೇಲೆ ನಡೆದು ಬರುವ ರೋಗಿಯನ್ನು ಅವರು ನಿರೀಕ್ಷಿಸಿರಲಿಲ್ಲ. ಅವಳು ಯಾರನ್ನೂ ನೋಡದೆ ಸೀದಾ ಹೋಗಿ ಕೇಳಿದಳು.

"ಭಾವಾ, ಆಸ್ರಿಗೆ ಎಂತ ಮಾಡ್ಲಿ?"

ವಿಶ್ವೇಶ್ವರ ಭಾವ ನೆಮ್ಮದಿಯ ಉಸಿರು ಬಿಟ್ಟು ಹೊಟ್ಟೆ ಸವರಿಕೊಂಡರು. "ಎಂತೂ ಬ್ಯಾಡದೇ ತಂಗಿ. ಈಗಷ್ಟೇ ಬಸ್‌ಸ್ಟ್ಯಾಂಡಿನ ಹತ್ರ ಕಬ್ಬಿನ ಹಾಲು ಕುಡ್ಕಂಡೇ ಬಂದೆ."

ಪರಿಮಳಾ ಅಲ್ಲೇ ಮೆಟ್ಟಿಲ ಮೇಲೆ ಕುಸಿದಳು. ಅಮೀರುನ್ನಿಸಾ ಮಾತ್ರ ಪಕ್ಕದಲ್ಲಿ ಕೂತು ಭುಜ ತಟ್ಟಿ, "ನಂಗಾದ್ರೂ ಒಂದು ಲೋಟ ಚಾ ಕೊಡು ಪರಿಮಳಕ್ಕ, ಅತ್ತು ಅತ್ತು ಗಂಟಲು ಒಣಗಿಹೋಯ್ತು" ಎಂದಳು.

ಅಂದು ಸಂಜೆ ಪರಿಮಳಾ ಯಾರಿಗೂ ಕಾಣದಂತೆ ಹಿತ್ತಿಲಲ್ಲಿ ನಿಂತು ಅತ್ತಳು. ನಾಲ್ಕೇ ನಾಲ್ಕು ಕ್ರೆಡಿಟ್ಟು! ಕುರ್ಚಿ ತನ್ನ ಚಕ್ರಗಳ ಮೇಲೆ ದೂರ ದೂರ ಉರುಳಿಹೋಗುವುದು ಅವಳಿಗೆ ಕಾಣುತ್ತಿತ್ತು. ಸಮೃದ್ಧಿ ಹಿಂದಿನಿಂದ ಬಂದು ಅಪ್ಪಿಕೊಂಡು ಕೇಳಿದಳು. "ಆಯಿ, ಹಂಗಾರೆ ಈಗ ನಿಂಗೆ ಎಂತ ಹೆಸ್ರು ಇಡನ?" ಅಳುವಿನ ನಡುವೆಯೇ ಪರಿಮಳಾಳಿಗೆ ನಗು ಬಂತು.

ಕೆಲವು ದಿನ ಕಳೆದು ಕೋರ್ಸಿನವರ ಮೇಲ್ ಬಂತು. ಅಭ್ಯರ್ಥಿ ಯಾರಿಂದಲೂ ಸಹಾಯ ಪಡೆದಿಲ್ಲ, ಬಂದವರಿಗೆ ನೀರು ಕೊಡಿಸಿದ್ದಷ್ಟೇ ಎಂದು ಮೇಲ್ವಿಚಾರಕಿ ವರದಿ ಕೊಟ್ಟಿದ್ದಳು. ಆದ್ದರಿಂದ ಇನ್ನೊಂದು ಅವಕಾಶ, ಆದರೆ ಹುಬ್ಬಳ್ಳಿ ಕೇಂದ್ರದಲ್ಲಿ! ರಘುಪತಿ "ನಾನು ಅಂದೇ ಹೇಳಿದ್ದೆ" ಎನ್ನಲಿಲ್ಲ. ಬಸ್ಸಿನ ಟೈಮು ಮಾತ್ರ ಹೇಳಿದ.

ಹುಬ್ಬಳ್ಳಿಯ ಆ ತಣ್ಣನೆಯ ಕೋಣೆಯಲ್ಲಿ ಯಾರೂ ಯಾರನ್ನೂ ಏನೂ ಕೇಳಲಿಲ್ಲ. ಪಕ್ಕದವನು ಕೆಮ್ಮಿದ, ಪರಿಮಳಾ ಅಲುಗಲಿಲ್ಲ. ಅದೇ ಪ್ರಶ್ನೆ ಮತ್ತೆ ಬಂತು. ಮುಖ್ಯ ಕೆಲಸದಲ್ಲಿರುವಾಗ ಅತಿಥಿ ಬಂದರೆ ಮೊದಲು ಏನು ಮಾಡಬೇಕು? ಅವಳ ಮನಸ್ಸು, ಎಲ್ಲ ಬಿಟ್ಟು ಎದ್ದು ವಿಚಾರಿಸು ಎಂದಿತು. ಪರಿಮಳಾ ಮುಗುಳ್ನಕ್ಕಳು. ಪೆಟ್ಟು ತಿಂದು ಕಲಿತ ಪಾಠ ಸುಳ್ಳಾದೀತೆ? "ಕೈಯಲ್ಲಿರುವ ಕೆಲಸ ಮೊದಲು ಮುಗಿಸಬೇಕು" ಎಂಬುದನ್ನು ಭದ್ರವಾಗಿ ಒತ್ತಿದಳು.

ಫಲಿತಾಂಶ ಬಂದ ದಿನ ಮೊಬೈಲ್ ಹಿಡಿದ ಸಮೃದ್ಧಿ ಜಗಲಿಯಲ್ಲಿ ಕುಣಿದಳು. "ಪಾಸು! ಆಯಿ, ಪಾಸು! ಒಂದು ಬಿಟ್ಟು ಎಲ್ಲಾ ಸರಿ!"

"ನೋಡಿದ್ರಾ? ಹೇಳಿದ್ನಿಲ್ಯಾ ಆನು?" ಪರಿಮಳಾ ಆಗಲೇ ಕುರ್ಚಿಯಲ್ಲಿ ಕೂತವರ ಗತ್ತಿನಲ್ಲಿ ಗಂಡನ ಕಡೆ ತಿರುಗಿದಳು. "ಆ ಒಂದು ಯಾವ್ದು ತಪ್ಪಿದ್ದು ಕೂಸೇ?"

ಸಮೃದ್ಧಿ ಓದಿದಳು. "ಮುಖ್ಯ ಕೆಲಸದಲ್ಲಿರುವಾಗ ಅತಿಥಿ ಬಂದರೆ... ಸರಿ ಉತ್ತರ: ಕೆಲಸ ಬಿಟ್ಟು ಮೊದಲು ಅತಿಥಿಯನ್ನು ವಿಚಾರಿಸಬೇಕು."

ಪರಿಮಳಾ ಮಗಳ ಕೈಯಿಂದ ಮೊಬೈಲ್ ಕಿತ್ತುಕೊಂಡು ತಾನೇ ಓದಿದಳು. ಇನ್ನೊಮ್ಮೆ ಓದಿದಳು. ಉತ್ತರ ಬದಲಾಗಲಿಲ್ಲ.

ರಘುಪತಿ ಮೆಲ್ಲಗೆ ಎದ್ದು ಪಂಚೆ ಸರಿಮಾಡಿಕೊಂಡು ಅಡುಗೆಮನೆಯ ಕಡೆ ಹೆಜ್ಜೆ ಹಾಕುತ್ತ ಕೇಳಿದ.

"ಪರಿಮಳಾ, ಆಸ್ರಿಗೆ ಎಂತ ತರ್ಲಿ?"