ಬಣ್ಣವಿಲ್ಲದ ಸವಾರನ ಪರವಾಗಿ ನಾನು ಮಾಡಿದ ವಾದ

ನಮ್ಮ ಮನೆಯ ದೇವರ ಜಗಲಿಗೆ ಕುದುರೆ ಮೇಲಿನ ಮೈಲಾರಲಿಂಗ ತಾನಾಗಿಯೇ ಬಂದು ಕೂತ ಎಂದು ಓಣಿಯವರೆಲ್ಲ ಹೇಳುತ್ತಾರೆ. ಈ ಹೇಳಿಕೆಯನ್ನು ನಾನು ಸವಿನಯವಾಗಿ ವಿರೋಧಿಸುತ್ತೇನೆ. ಅವನು ಕೊರಿಯರ್‌ನಲ್ಲಿ ಬಂದ. ಸಹಿ ಹಾಕಿ ಇಳಿಸಿಕೊಂಡವಳು ನಾನು.

ಅಷ್ಟೇ ಅಲ್ಲ, ಅವನು ಮೈಲಾರಲಿಂಗನೂ ಅಲ್ಲ. ಯುರೋಪಿನ ಯಾವುದೋ ಹಳೆಯ ಕಾಳಗದ ಅಶ್ವದಳದ ಅಧಿಕಾರಿ. ತವರದ ಎರಕದವನು, ನನ್ನ ಕಿರುಬೆರಳಿಗಿಂತ ತುಸು ಎತ್ತರ, ಕೈಯಲ್ಲಿ ಎತ್ತಿ ಹಿಡಿದ ಕತ್ತಿ. ಇಂಥ ಪುಟ್ಟ ಸೈನಿಕರನ್ನು ಕೂಡಿಡುವುದು ನನಗೂ ನನ್ನ ಗಂಡ ಕೊಟ್ರೇಶನಿಗೂ ಇರುವ ಸಮಾನ ಹುಚ್ಚು. ಇಡೀ ಹಗರಿಬೊಮ್ಮನಹಳ್ಳಿಯಲ್ಲಿ ಈ ಹುಚ್ಚಿರುವ ಮನೆ ನಮ್ಮದೊಂದೇ ಎಂದು ಪುರಾವೆ ಇಲ್ಲದೆಯೂ ಹೇಳಬಲ್ಲೆ.

ಈ ಸೈನಿಕರಲ್ಲಿ ಎರಡು ಜಾತಿ. ಬಣ್ಣ ಬಳಿಸಿಕೊಂಡವರು, ಬಳಿಸಿಕೊಳ್ಳದವರು. ಕೊಟ್ರೇಶ ಬಣ್ಣದ ಪಕ್ಷ. ಕೆಂಪು ಕೋಟು, ಬಿಳಿ ಪಟ್ಟಿ, ಒಂದೊಂದು ಗುಂಡಿಗೂ ಹಳದಿ ಚುಕ್ಕಿ ಬೇಕು ಅವನಿಗೆ. ನಾನು ಬರಿ ಲೋಹದ ಪಕ್ಷ.

“ಬಣ್ಣ ಅನ್ನೋದು ಬಳಿದವರ ಅಭಿಪ್ರಾಯ ರೀ. ಎರಕ ಅನ್ನೋದು ಸಾಕ್ಷಿ,” ಎಂದೆ ಒಂದು ಸಂಜೆ.

“ಬಣ್ಣ ಇಲ್ಲಂದ್ರ ಇಂವ ಯಾವ ದಂಡಿನಾಂವ ಅಂತ ಹೆಂಗ ತಿಳೀಬೇಕು?”

“ಮುಖ ನೋಡಿ. ಎರಕ ಚಲೋ ಇದ್ರ ಮುಖಾನ ಹೇಳ್ತೈತಿ. ಯಾರ ಕೈಯಾಗ ಕೊಟ್ರೂ ಗುರುತು ಹಿಡೀತಾರ.”

“ಯಾರ ಕೈಯಾಗ ಕೊಟ್ರೂ?”

“ಯಾರ ಕೈಯಾಗ ಕೊಟ್ರೂ!”

ಹೀಗೆ ತಪ್ಪಿಸಿಕೊಳ್ಳಲು ದಾರಿ ಬಿಡದ ವಾಕ್ಯ ಆಡಬಾರದೆಂದು ಚರ್ಚಾಸ್ಪರ್ಧೆಯಲ್ಲಿ ಮೊದಲು ಕಲಿಸುತ್ತಾರೆ. ಹರಪನಹಳ್ಳಿಯ ಕಾಲೇಜಿಗೆ ಟ್ರೋಫಿ ಗೆದ್ದುಕೊಟ್ಟವಳಿಗೆ ಅದು ನೆನಪಿರಬೇಕಿತ್ತು. ಇರಲಿಲ್ಲ.

ಪಣಕ್ಕಿಟ್ಟದ್ದು ಪಡಸಾಲೆಯ ಗಾಜಿನ ಬೀರು. ಮನೆಯಲ್ಲಿರುವುದು ಅದೊಂದೇ. ಅದರಲ್ಲಿ ಅವನ ಬಣ್ಣದವರು ಮುಂದಿನ ಸಾಲಿಗೆ ನುಗ್ಗಿ ನನ್ನವರನ್ನು ಗೋಡೆಗೆ ಒತ್ತಿಬಿಟ್ಟಿದ್ದರು. ಗೆದ್ದವರಿಗೆ ಇಡೀ ಬೀರು ಎಂದು ತೀರ್ಮಾನವಾಯಿತು. ತಟಸ್ಥ ತೀರ್ಪುಗಾರರಾಗಿ ನಮ್ಮ ಅತ್ತಿ, ಅಂದರೆ ಕೊಟ್ರೇಶನ ತಾಯಿ. ನಿಬಂಧನೆ ರಚಿಸಿದವಳು ನಾನೇ. ಹೊಸದಾಗಿ ಬಂದ ಸವಾರ ಯಾವ ಸುಳಿವೂ ಇಲ್ಲದೆ ಅವರ ಕೈ ಸೇರಬೇಕು. “ಮಿಲಿಟರಿಯಾಂವ” ಎಂದರೆ ಬೀರು ನನ್ನದು. ಬೇರೆ ಏನೇ ಅಂದರೂ ಕೊಟ್ರೇಶನದು. ಮೊದಲ ಮಾತೇ ಅಂತಿಮ. ಮೇಲ್ಮನವಿಗೆ ಅವಕಾಶವಿಲ್ಲ!

ಭಾನುವಾರ ಬೆಳಿಗ್ಗೆ ಸವಾರನನ್ನು ಪರೀಕ್ಷೆಗೆ ಸಿದ್ಧಗೊಳಿಸಿದೆ. ಮುಖ ಸ್ಪಷ್ಟವಾಗಿ ಕಾಣಲೆಂದು ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ಒಣಗಲು ಇಟ್ಟೆ. ಎಲ್ಲಿ? ಅತ್ತಿ ಆಗಷ್ಟೇ ಬೆಳಗಿ ಹಿತ್ತಲ ಕಟ್ಟೆಯ ಮೇಲೆ ಬೋರಲು ಹಾಕಿದ್ದ ದೇವರ ಸಾಮಾನಿನ ಪಕ್ಕದಲ್ಲಿ. ಅಲ್ಲಿ ಬಿಸಿಲಿತ್ತು. ನನ್ನ ಸಮರ್ಥನೆ ಇಷ್ಟೇ.

ಇಲ್ಲೊಂದು ಹಿನ್ನೆಲೆ ಹೇಳಬೇಕು. ಅತ್ತಿಯ ತವರೂರು ಇಟ್ಟಿಗಿ. ಅಲ್ಲಿಯ ಮನೆದೇವರು ಕುದುರೆ ಏರಿದ ಮೈಲಾರಲಿಂಗ. ಮನೆ ಪಾಲಾದಾಗ ಮೂರ್ತಿ ಅವರ ಅಣ್ಣನ ಜಗಲಿಗೆ ಹೋಯಿತು. ಅಂದಿನಿಂದ ಅವರು ಮಗನಿಗೆ “ನನಗೂ ಒಂದು ಕುದುರಿ ಮ್ಯಾಲಿನ ಮೂರ್ತಿ ಮಾಡಿಸಿ ಕೊಡಪ್ಪ” ಎನ್ನುತ್ತಲೇ ಬಂದಿದ್ದಾರೆ. ಕೊಟ್ರೇಶನೂ ಪಂಪ್‌ಸೆಟ್ಟಿನ ಅಂಗಡಿಗೆ ಹೊರಡುತ್ತ “ಮಾಡಿಸ್ತೀನಿ ಬೇ” ಎನ್ನುತ್ತಲೇ ಬಂದಿದ್ದಾನೆ.

ನಾನು ಸ್ನಾನ ಮುಗಿಸಿ ಬಂದಾಗ ಸವಾರ ಜಗಲಿ ಮೇಲಿದ್ದ. ಹಣೆಗೆ ಭಂಡಾರದ ಅರಿಶಿನಪುಡಿ. ಕತ್ತಿಯ ತುದಿಗೆ ಸೇವಂತಿಗೆ. ಕುದುರೆಗೂ ಅರಿಶಿನ ಮೆತ್ತಿತ್ತು.

“ಶೈಲಾ, ಬಾ ಯವ್ವಾ! ನಮ್ಮಪ್ಪ ಬಂದಾನ ನೋಡು!” ಅತ್ತಿಯ ಕಣ್ಣಲ್ಲಿ ನೀರು.

ಕೊಟ್ರೇಶ ನನ್ನ ಕಿವಿಯ ಹತ್ತಿರ ಬಂದು, “ಮೊದಲ ಮಾತು,” ಎಂದ.

“ನಾವು ಕೈಗೆ ಕೊಟ್ಟಿಲ್ಲಲ್ಲ. ಪ್ರಕ್ರಿಯೆಯೇ ತಪ್ಪು!”

“ಸುಳಿವಿಲ್ದ ಕೈಗೆ ಸಿಕ್ಕೈತಿ. ಇನ್ನೂ ಚಲೋ ಆತು.”

ಅವನನ್ನು ಬಿಟ್ಟು ನೇರವಾಗಿ ತೀರ್ಪುಗಾರರ ಎದುರು ನಿಂತೆ. “ಅತ್ತಿ, ಇಂವ ದೇವರಲ್ರಿ. ಯುದ್ಧಕ್ಕ ಹೋಗೋನು.”

“ಮತ್ತ ಮೈಲಾರಲಿಂಗ ಏನು ಕಿರಾಣಿ ಅಂಗಡಿ ಇಟ್ಟಿದ್ನೇನು? ದಂಡು ಕಟ್ಟಿಕೊಂಡು ಹೋಗಿ ರಾಕ್ಷಸರನ್ನ ಕೊಂದಾನ.”

“ತಲಿ ಮ್ಯಾಲೆ ಟೋಪಿ ಐತ್ರಿ!”

“ಪೇಟಾ ಅದು. ಅಂಚು ಸವದೈತಿ.”

“ಕಾಲಾಗ ಬೂಟು?”

“ಕುದುರಿ ಹತ್ತಿ ಬರಿಗಾಲಾಗ ಹೋಗ್ಬೇಕೇನು? ಕಾಲು ನೋಯಂಗಿಲ್ಲೇನು ಅವಂಗ?”

ಚರ್ಚಾಸ್ಪರ್ಧೆಯ ನನ್ನ ಇಡೀ ಜೀವನದಲ್ಲಿ ಇಷ್ಟು ಬೇಗ ಯಾರೂ ನನ್ನನ್ನು ಕೂರಿಸಿರಲಿಲ್ಲ. ಅಷ್ಟರಲ್ಲಿ ಪಕ್ಕದ ಮನೆಯ ಗಂಗವ್ವ ಮಜ್ಜಿಗೆ ಕೇಳಲು ಬಂದವಳು ಜಗಲಿ ನೋಡಿ ಮಜ್ಜಿಗೆ ಮರೆತಳು.

“ಅಯ್ಯ, ಮೀಸಿ ನೋಡವ್ವ ಹೆಂಗ ತಿರುವ್ಯಾನ! ಯಾರಂತ ಕೇಳೂದ ಬ್ಯಾಡ. ಮುಖಾನ ಹೇಳ್ತೈತಿ!”

ಕೊಟ್ರೇಶ ಗೋಡೆ ಕಡೆ ತಿರುಗಿ ನಿಂತ. ಅವನ ಹೆಗಲು ಕುಣಿಯುತ್ತಿತ್ತು. ನನ್ನ ಸಿದ್ಧಾಂತವನ್ನು ಇಷ್ಟು ಸಮರ್ಥವಾಗಿ ಮಂಡಿಸಿದ ಮೊದಲ ವ್ಯಕ್ತಿ ಗಂಗವ್ವ. ತೊಂದರೆ ಏನೆಂದರೆ ಅವಳು ಎದುರು ಪಕ್ಷದಲ್ಲಿದ್ದಳು.

ಮಧ್ಯಾಹ್ನದ ಹೊತ್ತಿಗೆ ಓಣಿಯೇ ಬಂದು ಕೈ ಮುಗಿದು ಹೋಯಿತು. ನಾನು ಎಲ್ಲರಿಗೂ ಪಾನಕ ಕೊಟ್ಟೆ. ಸಂಜೆ ಒಂದು ರಾಜಿಸೂತ್ರ ಮುಂದಿಟ್ಟೆ.

“ಅತ್ತಿ, ಹಿತ್ತಾಳಿದು ದೊಡ್ಡ ಮೂರ್ತಿ ಮಾಡಿಸಿ ಕೊಡ್ತೀವಿ. ಇವನ್ನ ಇಳಿಸೋಣೇನ್ರಿ?”

“ಭಂಡಾರ ಹಚ್ಚಿದ ಮ್ಯಾಲೆ ಇಳಿಸ್ತಾರೇನು ಯಾರಾದ್ರೂ?” ಎಂದರು. ಆಮೇಲೆ ಮೆಲ್ಲಗೆ, “ಒಬ್ಬನ ಅದಾನ. ಗಂಗಿಮಾಳವ್ವನ್ನ ಯಾವಾಗ ಕರಕೊಂಡು ಬರ್ತಿ?”

ಅಂದರೆ ಸವಾರನಿಗೆ ಈಗ ಹೆಂಡತಿಯೂ ಬೇಕು! ಮಾರುವವರ ಬಳಿ ವಿಚಾರಿಸಿದೆ. ಆ ದಳದಲ್ಲಿ ಇರುವ ಹೆಂಗಸು ಒಬ್ಬಳೇ, ಔಷಧಿ ಪೆಟ್ಟಿಗೆ ಹಿಡಿದ ದಾದಿ. ತರಿಸಲಿಲ್ಲ. ನನಗೂ ಸ್ವಲ್ಪ ಬುದ್ಧಿ ಬಂದಿದೆ.

ಬೀರು ಈಗ ಪೂರ್ತಿ ಕೊಟ್ರೇಶನ ವಶದಲ್ಲಿದೆ. ಅಧಿಕಾರಿಯಿಲ್ಲದ ನನ್ನ ಅಶ್ವದಳ ಚಕ್ಕುಲಿ ಡಬ್ಬಿಯೊಳಗೆ, ಅಟ್ಟದ ಮೇಲೆ. ಹೊರಗಿಟ್ಟರೆ ಇನ್ನುಳಿದವರೂ ಪೂಜೆಗೆ ಹೋಗುವ ಅಪಾಯವಿದೆ. ಒಂದು ಸತ್ಯ ಒಪ್ಪಿಕೊಳ್ಳಲೇಬೇಕು: ಆ ಸವಾರನಿಗೆ ಕೆಂಪು ಕೋಟು, ಬಿಳಿ ಚಲ್ಲಣ ಬಳಿದಿದ್ದರೆ ಯಾವ ಅತ್ತಿಯೂ ಅವನನ್ನು ಜಗಲಿಗೆ ಏರಿಸುತ್ತಿರಲಿಲ್ಲ. ಒಂದು ಚಮಚ ಬಣ್ಣ ಅವನನ್ನು ಉಳಿಸುತ್ತಿತ್ತು. ಆ ಬಣ್ಣದ ವಿರುದ್ಧ ಗಂಟೆಗಟ್ಟಲೆ ಮಾತಾಡಿದ ಏಕೈಕ ವ್ಯಕ್ತಿ ನಾನು.

ಮೊನ್ನೆ ಭಾನುವಾರದ ಪೂಜೆಗೆ ಕರ್ಪೂರ ಹಿಡಿದು ನಿಂತಿದ್ದೆ. ದೇವರನ್ನು ನಂಬದವಳಿಗೆ ಈ ಮನೆಯಲ್ಲಿ ಸಿಕ್ಕಿರುವ ಹುದ್ದೆ ಅದು. ಅತ್ತಿ ಸೆರಗಿನ ತುದಿಯಿಂದ ಸವಾರನ ಸೊಂಟ ಒರೆಸುತ್ತ, ತಮ್ಮಷ್ಟಕ್ಕೇ ಎಂಬಂತೆ, “ಈ ಮಿಲಿಟರಿ ಬೆಲ್ಟಿನ ಸಂದ್ಯಾಗ ಭಂಡಾರ ಕೂತ್ರ ತೆಗಿಯಾಕ ಬರಂಗಿಲ್ಲ ನೋಡು,” ಎಂದರು.

ನಾನು ಕರ್ಪೂರದ ತಟ್ಟೆ ಕೆಳಗಿಟ್ಟೆ. ಹಿಂದೆ ಕೊಟ್ರೇಶ ಕೆಮ್ಮಿದ. ಅತ್ತಿ ನನ್ನ ಮುಖ ನೋಡಲಿಲ್ಲ. ಗಂಟೆ ಎತ್ತಿಕೊಂಡು ಎಂದಿಗಿಂತ ಜೋರಾಗಿ ಬಾರಿಸತೊಡಗಿದರು. ಆ ಸದ್ದನ್ನು ಮೀರಿಸಿ ಕೂಗಿ ಕೇಳಿದೆ:

“ಅತ್ತಿ, ಅವತ್ತು ಕಟ್ಟಿ ಮ್ಯಾಲಿಂದ ಕೈಗೆ ತಗೊಂಡಾಗ, ಬಾಯಿಗೆ ಬರೋಕಿಂತ ಮೊದಲು, ಮನಸಿನ್ಯಾಗ ಬಂದ ಮಾತು ಯಾವ್ದ್ರಿ?”