ದಂತವೈದ್ಯೆಯ ಮುಖಕ್ಕೇ ಚಿಮ್ಮಿದ ಗಡಸು ನೀರಿಗೆ ಒಂದು ವಿನಯಪೂರ್ವಕ ದೂರು

ಮಾನ್ಯ ಗಡಸು ನೀರಿನವರೇ,

ನೆಲದಾಳದ ಬಂಡೆಗಳ ನಡುವೆ ಹಾಯಾಗಿದ್ದ ತಾವು ನಮ್ಮಂಥ ಬಡಪಾಯಿಗಳ ಮೇಲಿನ ಕರುಣೆಯಿಂದ ಕೊಳವೆಬಾವಿ ಏರಿ, ಟ್ಯಾಂಕು ಸೇರಿ, ಎರಡನೇ ಮಹಡಿಯ ನಮ್ಮ ನಲ್ಲಿಗಳವರೆಗೂ ದಯಮಾಡಿಸುತ್ತಿರುವುದಕ್ಕೆ ತಲೆಬಾಗಿದ ವಂದನೆಗಳು. ಬರಿಗೈಯಲ್ಲಿ ಬರಬಾರದೆಂಬ ಸಂಸ್ಕಾರ ತಮ್ಮದು. ಬಂದಾಗಲೆಲ್ಲ ಒಂದಿಷ್ಟು ಸುಣ್ಣ ತಂದೇ ತರುತ್ತೀರಿ. ಲೋಕದ ಜನ ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಇಡುತ್ತಾರೆ. ತಮ್ಮಲ್ಲಿ ಆ ಭೇದವಿಲ್ಲ, ಶವರಿನ ಕಣ್ಣುಗಳಿಗೆಲ್ಲ ಸುಣ್ಣವೇ.

ಆ ಶವರಿನಲ್ಲಿ ಇನ್ನೂ ಮುಚ್ಚದೆ ಉಳಿದ ಒಂದೇ ಕಣ್ಣು ಸ್ನಾನಕ್ಕೆ ನಿಂತವನನ್ನು ಬಿಟ್ಟು ಬಾಗಿಲ ಹಿಂದಿನ ಒಣ ಟವೆಲಿಗೇ ಗುರಿಯಿಡುವುದನ್ನಾಗಲಿ, ಗೀಸರಿನೊಳಗೆ ಯಾರೋ ಜಲ್ಲಿ ಹುರಿಯುತ್ತಿರುವಂತೆ ಸದ್ದಾಗುವುದನ್ನಾಗಲಿ, ನನ್ನ ಹೆಂಡತಿ ಹಳೆಯ ಬ್ರಷ್ಷು, ವಿನೆಗರ್, ಕೊನೆಗೆ ಬೈಗುಳವನ್ನೂ ಪ್ರಯೋಗಿಸಿ ಸೋತದ್ದನ್ನಾಗಲಿ ನಾನು ದೂರುತ್ತಿಲ್ಲ. ನನ್ನ ದೂರು ಕಳೆದ ಭಾನುವಾರದ್ದು.

ನಾನು ಟೈಲರ್, ಮನೆಯ ಮುಂದಿನ ಕೋಣೆಯೇ ಅಂಗಡಿ. ಒಬ್ಬಳೇ ಮಗಳು ತಾನು ಮೆಚ್ಚಿದ ಹುಡುಗನನ್ನೂ ಅವನ ತಾಯಿಯನ್ನೂ ಅಂದು ಮನೆಗೆ ಕರೆದಿದ್ದಳು. ತಾಯಿ ಒಪ್ಪದ ಮದುವೆ ಬೇಡವೆಂದು ಹುಡುಗ ಮೊದಲೇ ಹೇಳಿಬಿಟ್ಟಿದ್ದರಿಂದ ಬೆಳಗಿನಿಂದ ಅವಳಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಆ ತಾಯಿ ದಂತವೈದ್ಯೆ. ಕುರ್ಚಿಯ ತುದಿಯಲ್ಲಿ ಕುಳಿತು, ರೋಗಿಯ ಬಾಯಿ ತೆರೆಸಿ ನೋಡುವಂತೆ ನಮ್ಮ ಮನೆಯನ್ನೆಲ್ಲ ಮೌನವಾಗಿ ನೋಡಿದರು. ನಾನು ಬಿಸಿಲಿನ ಮಾತೆತ್ತಿದೆ, “ಹ್ಞೂಂ” ಎಂದರು. ಹೆಂಡತಿ ಬಿಸ್ಕತ್ತು ಚಾಚಿದಳು. “ಸಿಹಿ ತಿನ್ನಲ್ಲ” ಎಂದರು. ಮಗಳ ಮುಖ ಸಣ್ಣದಾಯಿತು. ಆಗ ಅವರು ಮುಖ ತೊಳೆದು ಬರುತ್ತೇನೆಂದು ಎದ್ದರು.

ತಾವು ಹೊಂಚು ಹಾಕಿದ್ದ ಗಳಿಗೆ ಅದೇ ಇರಬೇಕು. ಸುಣ್ಣ ಕಟ್ಟಿ ಬಿಗಿದುಕೊಂಡಿದ್ದ ನಲ್ಲಿಯನ್ನು ಅವರು, ಹಟಮಾರಿ ದವಡೆಹಲ್ಲಿಗೆ ಕೈ ಹಾಕಿದ ಅಭ್ಯಾಸಬಲದಿಂದ, ಒಮ್ಮೆ ಗಟ್ಟಿಯಾಗಿ ತಿರುಚಿದರು. ನಲ್ಲಿಯ ತಲೆ ಕಿತ್ತು ಕೈಗೆ ಬಂತು. ಅದರ ಹಿಂದೆಯೇ ತಾವು, ಶವರಿನಲ್ಲಿ ನಮಗೆ ಎಂದೂ ತೋರಿಸದ ರಭಸದಿಂದ, ಅವರ ಮುಖದ ಮೇಲೆಯೇ ದಯಮಾಡಿಸಿದಿರಿ. ನಾನು ಓಡಿಹೋಗಿ ಮೇನ್ ವಾಲ್ವ್ ಹಿಡಿದರೆ ಅದನ್ನೂ ತಾವು ಕಲ್ಲು ಮಾಡಿಟ್ಟಿದ್ದಿರಿ. ಹುಡುಗ ಟ್ಯಾಂಕಿನ ವಾಲ್ವ್ ಹುಡುಕಿಕೊಂಡು ತಾರಸಿಗೆ ಓಡಿದ. ಡಾಕ್ಟರಮ್ಮ ಹೆಬ್ಬೆರಳಿನಿಂದ ಕೊಳವೆಯ ಬಾಯಿ ಒತ್ತಿಹಿಡಿದರು. ಮಗಳು ಅವರ ಕೈಯ ಮೇಲೆ ತನ್ನೆರಡೂ ಕೈ ಒತ್ತಿ ನಿಂತಳು. ಬೆರಳ ಸಂದಿಯಿಂದ ತಾವು ಇಬ್ಬರ ಮೂಗಿಗೂ ಪಾಲು ಹಂಚಿದಿರಿ.

“ಸಾರಿ ಆಂಟಿ, ಸಾರಿ...” ಎಂದು ಮಗಳು ಅಳತೊಡಗಿದಳು.

“ಅಳ್ಬೇಡಮ್ಮ, ಮೊದ್ಲು ಬಿಗಿಯಾಗಿ ಒತ್ತು,” ಎಂದ ಅವರು ಇನ್ನೊಂದು ಕೈಯಲ್ಲಿದ್ದ ನಲ್ಲಿಯ ತಲೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. “ಏನ್ರೀ ಇದು! ಇಷ್ಟು ಕಿಟ್ಟ ನಾನು ಯಾರ ಬಾಯಲ್ಲೂ ನೋಡಿಲ್ವಲ್ರೀ!” ಎಂದವರು ನಗತೊಡಗಿದರು ನೋಡಿ, ನಗುವಿನ ಭರಕ್ಕೆ ಹೆಬ್ಬೆರಳು ಜಾರಿ, ಆ ಸಲದ ಪಾಲು ಪೂರ್ತಿ ನನಗೇ ಬಂತು.

ತಾರಸಿಯಿಂದ ಹುಡುಗ ನೀರು ನಿಲ್ಲಿಸುವಷ್ಟರಲ್ಲಿ ಮೂವರೂ ತೊಯ್ದು ತೊಪ್ಪೆಯಾಗಿದ್ದೆವು. ಗಿರಾಕಿಯೊಬ್ಬರ ಅರ್ಧ ಹೊಲಿದ ಉದ್ದನೆಯ ಕೋಟನ್ನೇ ಡಾಕ್ಟರಮ್ಮನಿಗೆ ಕೊಟ್ಟೆ. ಅದಕ್ಕಿನ್ನೂ ಒಂದೇ ತೋಳು. ಆ ಒಂಟಿತೋಳಿನ ಕೋಟಿನಲ್ಲಿ ಕುಳಿತು ಟೀ ಹೀರುತ್ತಾ, “ಬರುವಾಗ ಭಯ ಆಗ್ತಿತ್ತು ಕಣ್ರೀ. ಒಬ್ಬಳೇ ಮಗನ್ನ ಸಾಕಿದೋಳು, ಯಾರ ಮನೇಲಿ ಏನು ಮಾತಾಡ್ಬೇಕು ಅಂತಾನೇ ಗೊತ್ತಾಗಲ್ಲ,” ಎಂದರು. ನಮ್ಮನ್ನು ಹೆದರಿಸುತ್ತಿದ್ದ ಆ ಮೌನದ ಒಳಗಿದ್ದದ್ದು ಇಷ್ಟೇ. ನನ್ನ ಹೆಂಡತಿ ಮೆಲ್ಲಗೆ ಕುರ್ಚಿಯನ್ನು ಅವರ ಹತ್ತಿರಕ್ಕೆ ಎಳೆದುಕೊಂಡಳು. ಸ್ವಲ್ಪ ಹೊತ್ತಿಗೆ ಅವರು ಮಗಳ ತಲೆ ಒರೆಸುತ್ತಾ, “ಇವಳು ಕೈ ಬಿಡೋಳಲ್ಲ ಬಿಡಿ. ನಂಗೆ ಅಷ್ಟು ಸಾಕು,” ಎಂದುಬಿಟ್ಟರು.

ಮಾನ್ಯರೇ, ಹೀಗೆ ನಮ್ಮ ಬಿಸ್ಕತ್ತಿಗೂ ಬಿಸಿಲಿಗೂ ಒಲಿಯದ ಸಂಬಂಧವನ್ನು ಕ್ಷಣಮಾತ್ರದಲ್ಲಿ ಕುದುರಿಸಿದ ತಮ್ಮನ್ನು ಹೇಗೆ ತಾನೆ ಬೈಯಲಿ? ಹೊಸ ನಲ್ಲಿ ಹಾಕಿಸಿದ್ದೇನೆ, ಗೃಹಪ್ರವೇಶಕ್ಕೆ ತಮಗೆ ಸ್ವಾಗತ. ಆದರೆ ಒಂದೆರಡು ಕೋರಿಕೆಗಳಿವೆ. ಇನ್ನು ಮುಂದೆ ತಂದ ಸುಣ್ಣವನ್ನು ಕೆಳಗೆ ಚಪ್ಪಲಿ ಬಿಡುವ ಜಾಗದಲ್ಲೇ ಬಿಟ್ಟು ಮೇಲೆ ಬರಬೇಕು. ಬಿಡಲು ಮನಸ್ಸಾಗದಿದ್ದರೆ, ಹೇಗೂ ಮದುವೆಗೆ ಬಣ್ಣ ಬಳಿಸಬೇಕಾಗಿದೆ, ಕೊಳವೆಯೊಳಗೆ ಕಟ್ಟುವುದನ್ನು ದಯವಿಟ್ಟು ಹೊರಗೋಡೆಗೆ ಒಂದೇ ಸಮನೆ ಕಟ್ಟಿಕೊಡಬೇಕು. ಮದುವೆಯ ಬೆಳಿಗ್ಗೆ ಮಾತ್ರ ಮದುಮಗಳ ತಲೆಯಲ್ಲಿ ಕೊಂಚ ನೊರೆ ಏಳಲು ಅಪ್ಪಣೆ ಕೊಡಬೇಕು.

ಇಂತಿ, ಸೋಪು ಸವೆದರೂ ನೊರೆ ಕಾಣದ, ಆದರೂ ನಂಬಿಕೆ ಕಳೆದುಕೊಳ್ಳದ
ತಮ್ಮ ವಿಶ್ವಾಸಿ,
ಎರಡನೇ ಮಹಡಿಯ ಟೈಲರ್

ಕೊನೆಗೊಂದು ಮಾತು: ಮಗಳು ಸೇರುವ ಮನೆಯಲ್ಲಿ ನೀರು ಬಲು ಮೆದುವಂತೆ. ತವರಿನವರೆಂಬ ಸಲಿಗೆಯಿಂದ ತಾವು ಅವಳ ಹಿಂದೆ ಹೊರಟುಬಿಡಬೇಡಿ. ಬೀಗಿತಿಯವರು ಹೇಳಿಕಳಿಸಿದ್ದಾರೆ: ಬಂದರೆ ಬುಡಸಮೇತ ಕೀಳುತ್ತಾರಂತೆ, ಅರಿವಳಿಕೆ ಮದ್ದನ್ನೂ ಕೊಡುವುದಿಲ್ಲವಂತೆ.