ಗೇಟಿನ ಸಂದಿ, ಗಂಜಿಯ ಕವರು

ವಿಜ್ಞಾನ ಪಾಠ ಮಾಡುವವರ ಬಾಳಿನಲ್ಲಿ ನಗೆಪಾಟಲಿಗೆ ಬರವಿಲ್ಲ. ನನ್ನಂತೆ ಹಗಲುಗನಸು ಕಾಣುವವಳಾದರೆ ಕೇಳುವುದೇ ಬೇಡ. ಚಂದಾಪುರದ ಪುಟ್ಟ ಶಾಲೆಯೊಂದರಲ್ಲಿ ನಾನು ಟೀಚರ್. ಆ ವರ್ಷ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ.

ನೀಲಿ

ಸಣ್ಣ ಕಣಗಳನ್ನು ಬಿಟ್ಟು ದೊಡ್ಡವನ್ನು ತಡೆಯುವ ಅರೆಪಾರಕ ಪೊರೆಯ ಪಾಠ. ತೆಳು ಪ್ಲಾಸ್ಟಿಕ್ ಕವರಿನಲ್ಲಿ ಗಂಜಿ ಕಟ್ಟಿ, ಅಯೋಡಿನ್ ಬೆರೆಸಿದ ನೀರಿಗೆ ಇಳಿಬಿಟ್ಟೆ. ಅಯೋಡಿನ್ ಕಣ ಸಣ್ಣದು, ಕವರು ದಾಟಿ ಒಳಗೆ ಹೋಗುತ್ತದೆ. ಗಂಜಿಯ ಕಣ ದೊಡ್ಡದು, ಹೊರಗೆ ಬರಲಾರದು. ಅಯೋಡಿನ್ ತಾಗಿ ಬಿಳಿ ಗಂಜಿ ಅಂಚಿನಿಂದ ಮೆಲ್ಲಮೆಲ್ಲಗೆ ನೀಲಿಯಾಗುತ್ತಾ ಬಂತು. ಹೊರಗಿನ ನೀರು ಹಳದಿಯಾಗಿಯೇ ಉಳಿಯಿತು. ನೋಡುತ್ತಾ ನೋಡುತ್ತಾ ನಾನು ಎಲ್ಲೋ ತೇಲಿಹೋದೆ.

"ಎಷ್ಟು ಚೆಂದ ಅಲ್ವಾ ಮಕ್ಕಳೇ?" ಎಂದು ತಿರುಗಿದರೆ, ಮುಂದಿನ ಪೀರಿಯಡ್ಡಿಗೆ ಬಂದ ಕನ್ನಡ ಮೇಷ್ಟ್ರು ಕೊನೆಯ ಬೆಂಚಿನಲ್ಲಿ ಗಲ್ಲಕ್ಕೆ ಕೈಕೊಟ್ಟು ಕೂತಿದ್ದರು.

"ಬೆಲ್ ಆಗಿ ಆಗ್ಲೇ ಹೊತ್ತಾಯ್ತು ಮೇಡಂ. ಇರ್ಲಿ ಬಿಡಿ, ನಾನೂ ನೋಡ್ತಿದ್ದೆ."

ಗೇಟು

ತಡವಾಗಿ ಬರುವವರನ್ನು ತಡೆಯಲು ನಮ್ಮ ಗೇಟಿಗೆ ಸರಪಳಿ ಹಾಕುತ್ತಾರೆ. ಸರಪಳಿ ಉದ್ದ, ನಡುವೆ ಸಂದಿ ಉಳಿಯುತ್ತದೆ. ಮಕ್ಕಳು ಬ್ಯಾಗು ಮೊದಲು ತಳ್ಳಿ, ಹಿಂದೆಯೇ ನುಸುಳುತ್ತಾರೆ. ಒಂದು ಬೆಳಿಗ್ಗೆ ಹೆಡ್‌ಮಾಸ್ಟರೇ ಹೊಸೂರು ರಸ್ತೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿ ತಡವಾಗಿ ಬಂದು, ಅದೇ ಸಂದಿಗೆ ಭುಜ ಕೊಟ್ಟು, ಅರ್ಧಕ್ಕೆ ನಿಂತರು.

ಕಿಟಕಿಯಿಂದ ನೋಡುತ್ತಿದ್ದ ಹುಡುಗಿಯೊಬ್ಬಳು ಕೂಗಿದಳು: "ಮಿಸ್, ಗಂಜಿ!"

ಕಾರ್ಯದರ್ಶಿ

ನನ್ನ ಕೆಲಸ ಖಾಯಂ ಮಾಡಬೇಕೋ ಬೇಡವೋ ಎಂದು ತೀರ್ಮಾನಿಸಲು ಶಾಲೆಯ ಕಾರ್ಯದರ್ಶಿ ತರಗತಿಗೆ ಬಂದರು. ಧಾರಾಳ ಮೈಕಟ್ಟಿನವರು. ಅವರಿಗಾಗಿ ಅಂದು ಗೇಟನ್ನು ಪೂರ್ತಿ ತೆರೆದಿಟ್ಟಿದ್ದರು. ಚೆನ್ನಾಗಿ ಬರುವುದನ್ನೇ ತೋರಿಸೋಣವೆಂದು ನಾನು ಮತ್ತೆ ಗಂಜಿಗೇ ಶರಣಾದೆ. ಬೆಳಿಗ್ಗೆ ಕವರು ಕಟ್ಟಿಕೊಟ್ಟವರು ನಮ್ಮ ಮನೆ ಓನರ್ ಅಜ್ಜಿ. ಕೊಡುವಾಗ ಏನೋ ಹೇಳಿದ್ದರು. ನಾನು ಬೀದಿಯ ಮಂಜು ನೋಡುತ್ತಾ ಹೂಂಗುಟ್ಟಿದ್ದೆ.

"ಗಂಜಿ ಹೊರಗೆ ಬರೋದೇ ಇಲ್ಲ," ಎನ್ನುತ್ತಾ ಕವರನ್ನು ಮುಳುಗಿಸಿದೆ. ಹೊರಗಿನ ನೀರು ನಿಧಾನವಾಗಿ, ಬಲು ಚೆಂದವಾಗಿ, ನೀಲಿಯಾಯಿತು. ಅಜ್ಜಿಯ ಮಾತು ಆಗ ನೆನಪಾಯಿತು: "ಬಿಸಿ ಗಂಜಿ ಕಣವ್ವ. ಕವರ್ ಒಡೆದೋಗ್ಬಾರ್ದು ಅಂತ ಗಂಟಿನ ತಾವ ಸೂಜೀಲಿ ಚುಚ್ಚಿವ್ನಿ."

"ಬರಲ್ಲ ಅಂದ್ರಲ್ಲಮ್ಮಾ?" ಎಂದರು ಕಾರ್ಯದರ್ಶಿ. ಕೆಲಸ ಹೋಯಿತು ಎಂದುಕೊಂಡೆ.

ಅದೇ ಹುಡುಗಿ ಎದ್ದು ನಿಂತಳು. "ಗಂಜಿ ದಪ್ಪಾನೇ ಸಾರ್. ಇವತ್ತು ನಿಮಗೋಸ್ಕರ ಗೇಟ್ ಪೂರ್ತಿ ತೆಗ್ದವ್ರಲ್ಲಾ, ಅಂಗೇ ಕವರ್‌ನಾಗೂ ಯಾರೋ ತೆಗ್ದವ್ರೆ!"

ಕಾರ್ಯದರ್ಶಿ ಹೊಟ್ಟೆ ಕುಣಿಸಿ ನಕ್ಕರು. "ಪಾಠ ಮಕ್ಕಳಿಗೆ ಹತ್ತಿದೆ. ನಿಮ್ಮ ಕೆಲಸ ಖಾಯಂ ಮೇಡಂ. ಆದ್ರೆ ಉದಾಹರಣೆಗೆ ಮಾತ್ರ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ."